ಕಾರ್ಲ್ಸ್‌ರೂಹೆಯ ನಾಜಲ್ ವಿಧಾನವನ್ನು ಕೈಬಿಟ್ಟದ್ದು ಸರಿಯೇ?

ದೇಶನೂರು ದಾರಿ (ಬೆಳಗಾವಿ):
ನಮ್ಮ ಜಿಲ್ಲೆಯ ದೇಶನೂರಿನ ಸುತ್ತ ಪರಮಾಣು ಖನಿಜ ನಿರ್ದೇಶನಾಲಯ ನಡೆಸಿದ ಯುರೇನಿಯಂ ಶೋಧದ ಬಗ್ಗೆಯೂ ಯಾದಗಿರಿ ಜಿಲ್ಲೆಯ ಗೋಗಿ ನಿಕ್ಷೇಪದ ಬಗ್ಗೆಯೂ ಇಲ್ಲಿ ಸಾಕಷ್ಟು ಮಾತಾಗಿದೆ. ಆದರೆ ಅದಿರಿನ ಆಚೆಗಿನ ಹಂತವಾದ ಸಂವರ್ಧನೆಯ, ಅಂದರೆ ಯುರೇನಿಯಂನಲ್ಲಿ ಇಂಧನಕ್ಕೆ ಬೇಕಾದ 235ರ ಪಾಲನ್ನು ಹೆಚ್ಚಿಸುವ ಕೆಲಸದ ಮಾತು ಬಂದ ಕೂಡಲೇ ಎಲ್ಲರೂ ಅನಿಲವನ್ನು ರೋಟರ್‌ನಲ್ಲಿ ಅತಿವೇಗವಾಗಿ ತಿರುಗಿಸುವ ಸೆಂಟ್ರಿಫ್ಯೂಜ್ ಒಂದನ್ನೇ ಹೆಸರಿಸಿ ಸುಮ್ಮನಾಗುತ್ತಾರೆ. ಜರ್ಮನಿಯ ಕಾರ್ಲ್ಸ್‌ರೂಹೆ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಇ. ಡಬ್ಲ್ಯು. ಬೆಕರ್ ಅವರ ತಂಡ 1950ರ ದಶಕದಿಂದ ಬೆಳೆಸಿಕೊಂಡು ಬಂದ, ಅನಿಲವನ್ನು ಕಿರಿದಾದ ಸೀಳಿನಿಂದ ನುಗ್ಗಿಸಿ ಬೇರ್ಪಡಿಸುವ ನಾಜಲ್ ವಿಧಾನವನ್ನು ಇಂದು ಯಾರೂ ನೆನೆಯುವುದಿಲ್ಲ. ನನ್ನ ವಾದ ಇಷ್ಟು: ಆ ವಿಧಾನದಲ್ಲಿ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗಿ ಒಡೆದುಹೋಗುವ ರೋಟರ್‌ಗಳಿಲ್ಲ, ಗುಟ್ಟಿನ ಲೋಹಗಳಿಲ್ಲ, ಬೇರ್ಪಡಿಸುವ ಭಾಗ ಎಂದರೆ ಚಲನೆಯೇ ಇಲ್ಲದ ಒಂದು ಬಾಗಿದ ಗೋಡೆ. ಇಷ್ಟು ಸರಳವಾದದ್ದನ್ನು ಜಗತ್ತು ಅವಸರದಲ್ಲಿ ಮೂಲೆಗೆ ತಳ್ಳಿತು ಎಂದು ನನಗೆ ತೋರುತ್ತದೆ. ಬಲ್ಲವರು ಒಪ್ಪುತ್ತಾರೆಯೇ?

ನಿವೃತ್ತ ಅಧ್ಯಾಪಕ (ವಿಜಯಪುರ):
ಒಪ್ಪುವ ಮೊದಲು ಆ ಬಾಗಿದ ಗೋಡೆಯ ಬಳಿ ನಡೆಯುವುದೇನು ಎಂಬುದನ್ನು ನೋಡೋಣ. ನೈಸರ್ಗಿಕ ಯುರೇನಿಯಂನಲ್ಲಿ ವಿದಳನಕ್ಕೆ ಬೇಕಾದ 235ರ ಪ್ರಮಾಣ ಕೇವಲ 0.71 ಶೇಕಡಾ, ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ 238. ಬೇರ್ಪಡಿಸಲು ಇದನ್ನು ಯುರೇನಿಯಂ ಹೆಕ್ಸಾಫ್ಲೋರೈಡ್ ಎಂಬ ಅನಿಲವಾಗಿಸುತ್ತಾರೆ. ಫ್ಲೋರಿನ್‌ಗೆ ಪ್ರಕೃತಿಯಲ್ಲಿ ಒಂದೇ ಐಸೊಟೋಪ್ (ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಬಗೆ) ಇರುವುದರಿಂದ ಎರಡು ಬಗೆಯ ಅಣುಗಳ ತೂಕ 349 ಮತ್ತು 352 ಆಗುತ್ತದೆ. ವ್ಯತ್ಯಾಸ ಶೇಕಡಾ ಒಂದಕ್ಕಿಂತಲೂ ಕಡಿಮೆ. ಎಲ್ಲ ವಿಧಾನಗಳೂ ಹೆಣಗುವುದು ಈ ಮೂರು ಘಟಕಗಳ ಅಂತರದೊಂದಿಗೆ.

ನಾಜಲ್ ವಿಧಾನದಲ್ಲಿ ಈ ಅನಿಲದ ಸಣ್ಣ ಪಾಲನ್ನು ಬಹಳಷ್ಟು ಹೈಡ್ರೋಜನ್ ಜೊತೆ ಬೆರೆಸಿ, ಕಿರಿದಾದ ಸೀಳಿನ ಮೂಲಕ ವೇಗವಾಗಿ ನುಗ್ಗಿಸಿ, ಅತಿ ಚಿಕ್ಕ ತ್ರಿಜ್ಯದ ಗೋಡೆಯ ಉದ್ದಕ್ಕೂ ತಿರುಗಿಸುತ್ತಾರೆ. ಭಾರವಾದ ಅಣುಗಳು ಗೋಡೆಯ ಕಡೆಗೆ ತುಸು ಹೆಚ್ಚು ಒತ್ತಿಕೊಳ್ಳುತ್ತವೆ, ಹಗುರವಾದವು ತುಸು ಒಳಗೆ ಉಳಿಯುತ್ತವೆ, ತಿರುವಿನ ಕೊನೆಯಲ್ಲಿ ಒಂದು ಅಲಗು ಹರಿವನ್ನು ಎರಡಾಗಿ ಸೀಳುತ್ತದೆ. ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಗಾಳಿಯಿಂದ ಧೂಳನ್ನು ಬೇರ್ಪಡಿಸುವ ಸೈಕ್ಲೋನ್ ನೋಡಿದವರಿಗೆ ತತ್ವ ಹೊಸದಲ್ಲ. ಆದರೆ ಅಲ್ಲಿ ಧೂಳಿನ ಕಣಕ್ಕೂ ಗಾಳಿಯ ಅಣುವಿಗೂ ಕೋಟಿಗಟ್ಟಲೆ ಪಟ್ಟು ತೂಕದ ಅಂತರವಿರುತ್ತದೆ, ಆದ್ದರಿಂದ ಒಂದೇ ಸುತ್ತಿಗೆ ಕೆಲಸ ಮುಗಿಯುತ್ತದೆ. ಇಲ್ಲಿ ಒಂದು ಸುತ್ತಿನಲ್ಲಿ ಸಿಗುವ ಬೇರ್ಪಡಿಕೆಯ ಗುಣಾಂಕ, ಅಂದರೆ ಸೀಳಿದ ಎರಡು ಹರಿವುಗಳಲ್ಲಿನ 235ರ ಪ್ರಮಾಣಗಳ ಅನುಪಾತ, ಸುಮಾರು 1.015. ಆದ್ದರಿಂದ ಅದೇ ಕೆಲಸವನ್ನು ನೂರಾರು ಹಂತಗಳಲ್ಲಿ ಮರಳಿ ಮರಳಿ ಮಾಡಬೇಕು.

ಅಂದಹಾಗೆ, ಅನಿಲದ ಹರಿವನ್ನು ಬಾಗಿಸಿ ಐಸೊಟೋಪ್ ಬೇರ್ಪಡಿಸುವ ಯೋಚನೆ ಬೆಕರ್ ಅವರಿಗಿಂತ ಹಳೆಯದು. ಕ್ವಾಂಟಂ ಸಿದ್ಧಾಂತದ ಪಾಲ್ ಡಿರಾಕ್ 1930ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ, ಪೀಟರ್ ಕಪಿಟ್ಸಾ ಅವರ ಪ್ರಯೋಗಾಲಯದಲ್ಲಿ, ಕೈಯಾರೆ ಇಂಥ ಪ್ರಯೋಗಕ್ಕೆ ತೊಡಗಿದ್ದರು. 1934ರಲ್ಲಿ ರಷ್ಯಾಕ್ಕೆ ಹೋದ ಕಪಿಟ್ಸಾ ಅವರನ್ನು ಅಲ್ಲಿನ ಸರ್ಕಾರ ಮರಳಲು ಬಿಡಲಿಲ್ಲ. ಡಿರಾಕ್ ಅವರ ಪ್ರಯೋಗವೂ ನಿಂತಿತು. ಕಾಗದ ಮತ್ತು ಪೆನ್ಸಿಲ್ ಬಿಟ್ಟು ಬೇರೇನನ್ನೂ ಮುಟ್ಟದವರು ಎಂದು ನಾವು ತರಗತಿಯಲ್ಲಿ ಹೇಳಿಕೊಡುವ ವ್ಯಕ್ತಿ ಕೊಳವೆ ಜೋಡಿಸುತ್ತ ಕುಳಿತಿದ್ದರು ಎಂಬುದು ನನಗೆ ಇಷ್ಟವಾದ ಸಂಗತಿ.

ಘಟಪ್ರಭಾ (ಬಾಗಲಕೋಟೆ, ವಿದ್ಯಾರ್ಥಿನಿ):
ಸರ್, ಒಂದು ಗೊಂದಲ. ಅನಿಲ ವಿಸರಣ ವಿಧಾನದಲ್ಲಿ, ಅಂದರೆ ಸೂಕ್ಷ್ಮ ರಂಧ್ರಗಳ ತಡೆಯ ಮೂಲಕ ಅನಿಲವನ್ನು ತಳ್ಳುವ ಹಳೆಯ ವಿಧಾನದಲ್ಲಿ, ಒಂದು ಹಂತದ ಆದರ್ಶ ಗುಣಾಂಕ 352ನ್ನು 349ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.0043 ಬರುತ್ತದೆ. ನಾಜಲ್‌ನದು 1.015 ಎಂದರೆ ಹಂತಕ್ಕೆ ಮೂರು ಪಟ್ಟಿಗಿಂತ ಹೆಚ್ಚು ಲಾಭ. ಹಾಗಿದ್ದ ಮೇಲೆ ವಿದ್ಯುತ್ತೂ ಅಷ್ಟೇ ಪಟ್ಟು ಕಡಿಮೆ ಸಾಕಾಗಬೇಕಲ್ಲವೇ? ನಾನು ಓದಿದ ಕಡೆಯಲ್ಲೆಲ್ಲ ನಾಜಲ್‌ಗೇ ಹೆಚ್ಚು ವಿದ್ಯುತ್ ಬೇಕು ಎಂದಿದೆ.

ಉದ್ಯಮಬಾಗ (ಬೆಳಗಾವಿ):
ಕಂಪ್ರೆಸರ್‌ಗಳ ಜೊತೆ ಕೆಲಸ ಮಾಡುವವನಾಗಿ ಇದಕ್ಕೆ ನಾನೇ ಉತ್ತರಿಸುತ್ತೇನೆ, ಏಕೆಂದರೆ ಇಡೀ ಕಥೆ ಇರುವುದು ಇಲ್ಲಿಯೇ. ಹಂತಗಳ ಎಣಿಕೆ ಬೇರೆ, ಪ್ರತಿ ಹಂತದಲ್ಲಿ ತಳ್ಳಬೇಕಾದ ಅನಿಲದ ಮೊತ್ತ ಬೇರೆ. ನಾಜಲ್‌ನಲ್ಲಿ ಹಂತಗಳು ಕಡಿಮೆಯಾದದ್ದು ನಿಜ. ಆದರೆ ಒಳಹೋಗುವ ಮಿಶ್ರಣದಲ್ಲಿ ಯುರೇನಿಯಂ ಅಣುಗಳು ನೂರಕ್ಕೆ ಕೆಲವೇ ಕೆಲವು, ಮಿಕ್ಕಿದ್ದೆಲ್ಲ ಹೈಡ್ರೋಜನ್. ಅನಿಲವನ್ನು ಒತ್ತುವಾಗ ಕಂಪ್ರೆಸರ್ ಮಾಡುವ ಕೆಲಸ ಅಣುಗಳ ಸಂಖ್ಯೆಯನ್ನು ಅವಲಂಬಿಸುತ್ತದೆಯೇ ಹೊರತು ಅವುಗಳ ಬೆಲೆಯನ್ನಲ್ಲ. ಹಾಗಾಗಿ ಬಳಸಿದ ವಿದ್ಯುತ್ತಿನ ದೊಡ್ಡ ಪಾಲು ಯುರೇನಿಯಂ ಅಲ್ಲದ ಅನಿಲವನ್ನು ಮತ್ತೆ ಮತ್ತೆ ಒತ್ತುವುದಕ್ಕೆ ಹೋಗುತ್ತದೆ.

ಹೈಡ್ರೋಜನ್ ಬಿಟ್ಟುಬಿಡೋಣ ಎಂದರೆ ಅದೂ ಸಾಧ್ಯವಿಲ್ಲ. ಯುರೇನಿಯಂ ಹೆಕ್ಸಾಫ್ಲೋರೈಡ್ ಬಹಳ ಭಾರವಾದ ಅನಿಲವಾದ್ದರಿಂದ ಅದರಲ್ಲಿ ಶಬ್ದದ ವೇಗವೇ ಕಡಿಮೆ. ಒಂದೇ ಇದ್ದಾಗ ನಾಜಲ್‌ನಿಂದ ಬೇಕಾದ ವೇಗ ಪಡೆಯುವುದಿಲ್ಲ. ಹಗುರವಾದ ಅನಿಲ ಅದನ್ನು ತನ್ನ ಜೊತೆ ಎಳೆದುಕೊಂಡು ಓಡುತ್ತದೆ, ಬೇರ್ಪಡಿಕೆಗೆ ಬೇಕಾದ ವೇಗ ಆಗಲೇ ಸಿಗುವುದು. ಆ ವೇಗಕ್ಕೆ ತೆರುವ ಬೆಲೆಯೇ ವಿದ್ಯುತ್ ಬಿಲ್ಲು.

"ಚಲಿಸುವ ಭಾಗಗಳಿಲ್ಲ" ಎಂಬ ಮಾತನ್ನೂ ಇಲ್ಲಿಯೇ ಪರೀಕ್ಷಿಸಬೇಕು. ನಾಜಲ್ ಚಲಿಸುವುದಿಲ್ಲ ಎಂಬುದು ಸರಿ. ಅದರ ಹಿಂದೆ ಹಂತಹಂತಕ್ಕೂ ನಿಂತಿರುವ ಕಂಪ್ರೆಸರ್‌ಗಳು, ಅವುಗಳ ಮೋಟಾರುಗಳು, ಸೀಲುಗಳು, ಬಿಸಿಯಾದ ಅನಿಲವನ್ನು ತಣಿಸುವ ವ್ಯವಸ್ಥೆ, ಹೈಡ್ರೋಜನ್ನನ್ನು ಬೇರ್ಪಡಿಸಿ ಮರಳಿ ತರುವ ವ್ಯವಸ್ಥೆ, ಇವೆಲ್ಲ ಚಲಿಸುತ್ತಲೇ ಇರುತ್ತವೆ. ತೇವ ತಗುಲಿದರೆ ಯುರೇನಿಯಂ ಹೆಕ್ಸಾಫ್ಲೋರೈಡ್ ಹೈಡ್ರೋಜನ್ ಫ್ಲೋರೈಡನ್ನು ಹುಟ್ಟಿಸಿ ಲೋಹವನ್ನೂ ಮನುಷ್ಯರನ್ನೂ ತಿನ್ನುತ್ತದೆ; ಸೀಲು ಸೋರುವ ಪಂಪನ್ನು ಬಿಚ್ಚಿ ಜೋಡಿಸಿದವರಿಗೆ ಅದರ ಅರ್ಥ ವಿವರಿಸಬೇಕಾಗಿಲ್ಲ. ಸಮಸ್ಯೆಯನ್ನು ರೋಟರ್‌ನಿಂದ ಕಂಪ್ರೆಸರ್‌ಗೆ ವರ್ಗಾಯಿಸಿದ್ದನ್ನು ಸರಳತೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

ದೇಶನೂರು ದಾರಿ:
ವಿದ್ಯುತ್ ಹೆಚ್ಚು ಬೇಕು ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ, ಆದರೆ ಎಷ್ಟು ಹೆಚ್ಚು ಎಂದು ಲೆಕ್ಕ ಹಾಕದೆ ಬಿಡುವುದೂ ಸರಿಯಲ್ಲ. ಬೇರ್ಪಡಿಕೆಯ ಶ್ರಮವನ್ನು ಅಳೆಯುವ ಅಂತರರಾಷ್ಟ್ರೀಯ ಮಾನಕ್ಕೆ ಎಸ್‌ಡಬ್ಲ್ಯುಯು ಎನ್ನುತ್ತಾರೆ. 1,000 ಮೆಗಾವಾಟ್‌ನ ಒಂದು ಲಘುಜಲ (ಸಾಮಾನ್ಯ ನೀರು ಬಳಸುವ) ರಿಯಾಕ್ಟರ್‌ಗೆ ವರ್ಷಕ್ಕೆ ಸುಮಾರು 1.2 ಲಕ್ಷ ಎಸ್‌ಡಬ್ಲ್ಯುಯು ಬೇಕು. ನಾಜಲ್‌ನಲ್ಲಿ ಒಂದಕ್ಕೆ 3,000 ಯೂನಿಟ್ ಎಂದಿಟ್ಟುಕೊಂಡರೆ ಒಟ್ಟು 36 ಕೋಟಿ ಯೂನಿಟ್. ಅದೇ ರಿಯಾಕ್ಟರ್ ವರ್ಷಕ್ಕೆ ಉತ್ಪಾದಿಸುವುದು ಸುಮಾರು 790 ಕೋಟಿ ಯೂನಿಟ್. ಅಂದರೆ ತನ್ನ ಇಂಧನಕ್ಕಾಗಿ ಅದು ಮರಳಿ ಕೊಡಬೇಕಾದದ್ದು ಶೇಕಡಾ ಐದಕ್ಕಿಂತ ಕಡಿಮೆ. ನಮ್ಮ ತಂತಿಗಳಲ್ಲಿ ಸೋರಿಹೋಗುವುದು ಅದಕ್ಕಿಂತ ಹೆಚ್ಚು. ಇಷ್ಟಕ್ಕೆ ಒಂದು ವಿಧಾನವನ್ನೇ ಸಮಾಧಿ ಮಾಡಬೇಕಿತ್ತೇ?

ಕೂಡಗಿ ಪಕ್ಕದವ (ವಿಜಯಪುರ ಜಿಲ್ಲೆ):
ನಿಮ್ಮ ಲೆಕ್ಕ ಸರಿಯಾಗಿದೆ, ಆದರೆ ಅದನ್ನು ಪಕ್ಕದ ಲೆಕ್ಕದೊಂದಿಗೆ ಇಟ್ಟು ನೋಡಿ. ಸೆಂಟ್ರಿಫ್ಯೂಜ್‌ಗೆ ಒಂದು ಎಸ್‌ಡಬ್ಲ್ಯುಯುಗೆ ಸುಮಾರು 50 ಯೂನಿಟ್ ಸಾಕು. ಅದೇ ರಿಯಾಕ್ಟರ್‌ಗೆ 60 ಲಕ್ಷ ಯೂನಿಟ್. ನಮ್ಮ ಕೂಡಗಿಯ 2,400 ಮೆಗಾವಾಟ್ ಉಷ್ಣ ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ನಾಜಲ್‌ನ ಬೇಡಿಕೆ ಪೂರೈಸಲು ಅದಕ್ಕೆ ಆರು ದಿನಕ್ಕೂ ಮೇಲೆ ಬೇಕು. ಸೆಂಟ್ರಿಫ್ಯೂಜ್‌ನದಕ್ಕೆ ಎರಡೂವರೆ ಗಂಟೆ. ಯೂನಿಟ್‌ಗೆ 5 ರೂಪಾಯಿ ಹಿಡಿದರೆ ಒಂದು ಎಸ್‌ಡಬ್ಲ್ಯುಯುಗೆ ಒಂದು ಕಡೆ ಕರೆಂಟಿಗೇ 15,000 ರೂಪಾಯಿ, ಇನ್ನೊಂದು ಕಡೆ 250 ರೂಪಾಯಿ. 2018ರ ಸುಮಾರಿಗೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಎಸ್‌ಡಬ್ಲ್ಯುಯು ಬೆಲೆ 40 ಡಾಲರ್ ಆಸುಪಾಸಿಗೆ ಇಳಿದಿತ್ತು. ಮಾರುವ ಬೆಲೆಗಿಂತ ಕರೆಂಟಿನ ಖರ್ಚೇ ಹಲವು ಪಟ್ಟು ಹೆಚ್ಚಿರುವ ಕಾರ್ಖಾನೆಯನ್ನು ಆಗ ಯಾವ ಬ್ಯಾಂಕು ನಂಬುತ್ತಿತ್ತು?

ಮಾರುಕಟ್ಟೆ ನಾಜಲ್‌ಗೆ ಮಾತ್ರ ಕಠೋರವಾಗಿರಲಿಲ್ಲ. 2,400 ಯೂನಿಟ್ ಆಸುಪಾಸಿನಲ್ಲಿದ್ದ ಅನಿಲ ವಿಸರಣ ವಿಧಾನವೂ ಇದೇ ಕಾರಣಕ್ಕೆ ಸತ್ತಿತು. ಫ್ರಾನ್ಸಿನ ತ್ರಿಕಾಸ್ತೆನ್‌ನಲ್ಲಿದ್ದ ಸಂವರ್ಧನಾ ಸ್ಥಾವರಕ್ಕೆ ಕರೆಂಟು ಕೊಡಲು ಪಕ್ಕದ ನಾಲ್ಕು ರಿಯಾಕ್ಟರ್‌ಗಳಲ್ಲಿ ಮೂರು ದುಡಿಯುತ್ತಿದ್ದವು. 2012ರಲ್ಲಿ ಅದು ಮುಚ್ಚಿತು, 2013ರಲ್ಲಿ ಅಮೆರಿಕದ ಪಡೂಕಾ ಮುಚ್ಚಿತು. ದಶಕಗಳ ಕಾಲ ಜಗತ್ತಿಗೆ ಇಂಧನ ಕೊಟ್ಟ ವಿಧಾನವೇ ಉಳಿಯಲಿಲ್ಲ ಎಂದ ಮೇಲೆ ಅದಕ್ಕಿಂತ ದುಬಾರಿಯಾದದ್ದು ಉಳಿಯಬೇಕಿತ್ತು ಎನ್ನುವುದು ಹೇಗೆ?

ಇನ್ನೊಂದು ಮಾತು. ದೇಶನೂರು, ಗೋಗಿಗಳ ಹೆಸರನ್ನು ಇಲ್ಲಿ ತಂದದ್ದು ನನಗೆ ಸರಿ ಕಾಣಲಿಲ್ಲ. ನಮಗೆ ಹತ್ತಿರದ ಕೈಗಾ ಸ್ಥಾವರದ ನಾಲ್ಕೂ ಘಟಕಗಳು ಭಾರಜಲದವು, ನೈಸರ್ಗಿಕ ಯುರೇನಿಯಂ ಮೇಲೆಯೇ ನಡೆಯುತ್ತವೆ. ಅವಕ್ಕೆ ಸಂವರ್ಧನೆಯ ಅಗತ್ಯವೇ ಇಲ್ಲ. ತಾರಾಪುರದ ಮೊದಲೆರಡು ಘಟಕಗಳಿಗೂ ಕೂಡಂಕುಳಂಗೂ ಸಂವರ್ಧಿತ ಇಂಧನ ಬೇಕು, ಅದು ಹೊರದೇಶದಿಂದ ಬರುತ್ತದೆ. ಮೈಸೂರಿನ ಬಳಿ ರಟ್ಟೇಹಳ್ಳಿಯಲ್ಲಿ ನಮ್ಮ ದೇಶ ಆರಿಸಿಕೊಂಡದ್ದೂ ಸೆಂಟ್ರಿಫ್ಯೂಜನ್ನೇ.

ಘಟಪ್ರಭಾ:
ಹಣದ ಲೆಕ್ಕ ಇಷ್ಟು ಸ್ಪಷ್ಟವಾಗಿದ್ದರೂ ಬ್ರೆಜಿಲ್ ಅದನ್ನು ಕೊಂಡಿತಲ್ಲ? 1975ರ ಜೂನ್‌ನಲ್ಲಿ ಪಶ್ಚಿಮ ಜರ್ಮನಿಯೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಎಂಟು ರಿಯಾಕ್ಟರ್‌ಗಳ ಜೊತೆಗೆ ರೆಸೆಂಡೆಯಲ್ಲಿ ನಾಜಲ್ ವಿಧಾನದ ಸಂವರ್ಧನಾ ಸ್ಥಾವರವೂ ಸೇರಿತ್ತು. ಬ್ರೆಜಿಲ್‌ಗೆ ಮೊದಲು ಬೇಕಾಗಿದ್ದದ್ದು ಸೆಂಟ್ರಿಫ್ಯೂಜ್. ಆದರೆ ಆ ತಂತ್ರಜ್ಞಾನ ಬ್ರಿಟನ್, ನೆದರ್ಲೆಂಡ್ಸ್, ಜರ್ಮನಿ ಮೂವರ ಕೂಡು ಸ್ವತ್ತಾಗಿದ್ದರಿಂದ ನೆದರ್ಲೆಂಡ್ಸ್ ಅಡ್ಡ ನಿಂತಿತು. ನಾಜಲ್ ಜರ್ಮನಿಯೊಂದರದೇ ಆಗಿತ್ತು, ಅದನ್ನು ಮಾರಲು ಯಾರನ್ನೂ ಕೇಳಬೇಕಿರಲಿಲ್ಲ. ಅಂದರೆ ಅದು ಆಯ್ಕೆಯಾದದ್ದು ಗುಣಕ್ಕಾಗಿ ಅಲ್ಲ, ಕೈಗೆ ಸಿಕ್ಕಿತು ಎಂಬುದಕ್ಕಾಗಿ.

ಮುಂದಿನದು ಇನ್ನೂ ಸ್ವಾರಸ್ಯಕರ. ರೆಸೆಂಡೆಯ ನಾಜಲ್ ಸ್ಥಾವರ ವಾಣಿಜ್ಯ ಪ್ರಮಾಣದ ಉತ್ಪಾದನೆಯನ್ನು ಎಂದೂ ಕಾಣಲಿಲ್ಲ. ಅತ್ತ ಬ್ರೆಜಿಲ್‌ನ ನೌಕಾಪಡೆ ತನ್ನದೇ ಸೆಂಟ್ರಿಫ್ಯೂಜನ್ನು ಗುಟ್ಟಾಗಿ ಕಟ್ಟುತ್ತಿತ್ತು. 1987ರಲ್ಲಿ ಅಧ್ಯಕ್ಷ ಸಾರ್ನಿ ಅದನ್ನು ಬಹಿರಂಗಪಡಿಸಿದರು. ಇಂದು ಅದೇ ರೆಸೆಂಡೆಯಲ್ಲಿ ಸಂವರ್ಧನೆ ನಡೆಯುವುದು ಆ ಸೆಂಟ್ರಿಫ್ಯೂಜ್‌ಗಳಲ್ಲಿ. ಎಂಟು ರಿಯಾಕ್ಟರ್‌ಗಳ ಪೈಕಿ ಆಂಗ್ರಾ-2 ಒಂದೇ ಪೂರ್ಣಗೊಂಡದ್ದು, ಅದೂ 2000ದ ಹೊತ್ತಿಗೆ.

ದೇಶನೂರು ದಾರಿ:
ಹಾಗಾದರೆ ಇದನ್ನು ಇನ್ನೊಂದು ಬದಿಯಿಂದ ನೋಡೋಣ. ಇಷ್ಟೊಂದು ವಿದ್ಯುತ್ ನುಂಗುವ ಸ್ಥಾವರವನ್ನು ಬಚ್ಚಿಡಲಾಗದು. ಸೆಂಟ್ರಿಫ್ಯೂಜ್‌ಗಳನ್ನು ನೆಲದಡಿಯಲ್ಲಿ ಅಡಗಿಸಬಹುದು ಎಂಬ ಭಯ ಇಂದು ಜಗತ್ತನ್ನು ಕಾಡುತ್ತಿದೆ. ನಾಜಲ್ ವಿಧಾನದ ಖರ್ಚೇ ಅದರ ಕಾವಲುಗಾರ. ಬಾಂಬಿನ ದಾರಿ ಹಿಡಿಯುವವನಿಗೆ ಅದು ಒಗ್ಗುವುದಿಲ್ಲ. ಶಾಂತಿಯ ದೃಷ್ಟಿಯಿಂದಲಾದರೂ ಅದು ಮೇಲಲ್ಲವೇ?

ನಿವೃತ್ತ ಅಧ್ಯಾಪಕ:
ಈ ಮಾತಿಗೆ ದಕ್ಷಿಣ ಆಫ್ರಿಕವೇ ಉತ್ತರ, ಮತ್ತು ಆ ಉತ್ತರ ನಿಮ್ಮ ವಾದಕ್ಕೆ ಪೂರ್ತಿ ವಿರುದ್ಧವಾಗಿದೆ. 1970ರ ಜುಲೈ 20ರಂದು ಅಲ್ಲಿನ ಪ್ರಧಾನಿ ಜಾನ್ ಫೋರ್ಸ್ಟರ್ ತಮ್ಮ ವಿಜ್ಞಾನಿಗಳು ಹೊಸ ಸಂವರ್ಧನಾ ವಿಧಾನವನ್ನು ರೂಪಿಸಿದ್ದಾರೆ ಎಂದು ಸಂಸತ್ತಿನಲ್ಲಿ ಘೋಷಿಸಿದರು. ಅದೂ ಬೆಕರ್ ಅವರದರಂತೆ ಅನಿಲದ ಹರಿವಿನಿಂದಲೇ ಬೇರ್ಪಡಿಸುವ ವಾಯುಬಲ ವಿಧಾನವೇ. ಕೊಳವೆಯೊಳಗೆ ಅನಿಲವನ್ನು ಪಕ್ಕದಿಂದ ನುಗ್ಗಿಸಿ ಸುಳಿಯಾಗಿ ತಿರುಗಿಸುವ ಈ ಬಗೆಗೆ ಗೋಡೆ ತಿರುಗದ ಸೆಂಟ್ರಿಫ್ಯೂಜ್ ಎಂಬ ಬಣ್ಣನೆಯೂ ಇದೆ. ಬೆರೆಸುತ್ತಿದ್ದದ್ದು ಹೈಡ್ರೋಜನ್ನೇ, ವಿದ್ಯುತ್ತಿನ ಹಸಿವೂ ಬೆಕರ್ ವಿಧಾನದಷ್ಟೇ. ಪ್ರಿಟೋರಿಯಾ ಬಳಿಯ ವಾಲಿಂಡಾಬಾದಲ್ಲಿ ಅವರು ಕಟ್ಟಿದ ವೈ-ಸ್ಥಾವರದಿಂದ 1978ರ ಜನವರಿಯಲ್ಲಿ ಮೊದಲ ಅತಿಸಂವರ್ಧಿತ ಯುರೇನಿಯಂ ಹೊರಬಂತು. ಆ ಸರ್ಕಾರ ಆರು ಬಾಂಬುಗಳನ್ನು ಕಟ್ಟಿ ಮುಗಿಸಿತು.

ಕಲ್ಲಿದ್ದಲು ಅಗ್ಗವಾಗಿದ್ದ ದೇಶ, ವರ್ಣಭೇದ ನೀತಿಯಿಂದ ಒಂಟಿಯಾಗಿದ್ದ ಸರ್ಕಾರ, ಪ್ರತಿ ಎಸ್‌ಡಬ್ಲ್ಯುಯುಗೆ ಖರ್ಚು ಎಷ್ಟು ಎಂದು ಕೇಳುವ ಗಿರಾಕಿಯೇ ಇಲ್ಲದ ಯೋಜನೆ. ಬಾಂಬಿಗೆ ಬೇಕಾದ ಪ್ರಮಾಣ ವಿದ್ಯುತ್ ಸ್ಥಾವರಗಳ ಬೇಡಿಕೆಯ ಮುಂದೆ ಅತಿ ಸಣ್ಣದು. ಆದ್ದರಿಂದ ವ್ಯಾಪಾರಕ್ಕೆ ಸೋಲುವ ವಿಧಾನ ಆಯುಧಕ್ಕೆ ಸೋಲಬೇಕೆಂದೇನಿಲ್ಲ. ನೀವು ಕಾವಲುಗಾರ ಎಂದು ಕರೆದದ್ದು ಬಿಲ್ಲು ಕಟ್ಟಲು ಹಿಂಜರಿಯುವವನನ್ನು ಮಾತ್ರ ತಡೆಯುತ್ತದೆ. ಬಚ್ಚಿಡಲಾಗದು ಎಂಬ ಮಾತೂ ನಿಲ್ಲುವುದಿಲ್ಲ. ಸ್ಥಾವರ ಇರುವುದು ಜಗತ್ತಿಗೆಲ್ಲ ಗೊತ್ತಿತ್ತು, ಪ್ರಧಾನಿಯೇ ಹೇಳಿದ್ದರು. ಗೊತ್ತಿರದೆ ಉಳಿದದ್ದು ಒಳಗೆ ಆಗುತ್ತಿದ್ದದ್ದೇನು ಎಂಬುದು. ಅದು ಅಧಿಕೃತವಾಗಿ ಹೊರಬಂದದ್ದು ಸ್ಥಾವರ 1990ರಲ್ಲಿ ನಿಂತು, ದೇಶ 1991ರಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸೇರಿ, 1993ರ ಮಾರ್ಚ್ 24ರಂದು ಅಧ್ಯಕ್ಷ ಡಿ ಕ್ಲರ್ಕ್ ಸಂಸತ್ತಿನಲ್ಲಿ ಎದ್ದುನಿಂತು ಹೇಳಿದ ಮೇಲೆ. ಆ ಹೊತ್ತಿಗೆ ಬಾಂಬುಗಳನ್ನು ಕಳಚಿಹಾಕಲಾಗಿತ್ತು. ಬಚಾವಾಗಿದ್ದು ವಿಧಾನದ ಗುಣದಿಂದಲ್ಲ, ರಾಜಕೀಯದ ತಿರುವಿನಿಂದ.

ಉದ್ಯಮಬಾಗ:
ಮೇಷ್ಟ್ರ ಮಾತಿಗೆ ಒಂದು ಯಾಂತ್ರಿಕ ಸೇರ್ಪಡೆ. ಅದೇ ವೈ-ಸ್ಥಾವರ 1979ರ ಆಗಸ್ಟ್‌ನಲ್ಲಿ ನಿಂತುಹೋಗಿತ್ತು. ಯುರೇನಿಯಂ ಹೆಕ್ಸಾಫ್ಲೋರೈಡ್ ಮತ್ತು ಹೈಡ್ರೋಜನ್ ಯಂತ್ರದೊಳಗೇ ದೊಡ್ಡ ಪ್ರಮಾಣದಲ್ಲಿ ಪರಸ್ಪರ ಪ್ರತಿಕ್ರಿಯಿಸಿಬಿಟ್ಟವು, ಮತ್ತೆ ಉತ್ಪಾದನೆ ಆರಂಭವಾಗಲು 1981 ಬಂತು. ವೇಗಕ್ಕಾಗಿ ಬೆರೆಸಿದ ಅನಿಲವೇ ಇಂಧನದ ಅನಿಲಕ್ಕೆ ಶತ್ರುವಾಗಬಲ್ಲದು ಎಂಬುದು ಈ ವಿಧಾನದ ಹುಟ್ಟುಗುಣ. ಸರಳತೆಯ ವಾದ ಮಾಡುವವರು ಈ ಘಟನೆಗೂ ಒಂದು ಸಾಲು ಮೀಸಲಿಡಬೇಕು.

ಘಟಪ್ರಭಾ:
ನಾಜಲ್ ಪರವಾಗಿ ಹೇಳಬಹುದಾದದ್ದು ಒಂದಿದೆ, ಅದನ್ನು ದೇಶನೂರು ದಾರಿಯವರೇ ಹೇಳುತ್ತಾರೆ ಎಂದು ಕಾದಿದ್ದೆ. ಅಷ್ಟು ಸಣ್ಣ ತಿರುವುಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ, ಒಂದೇ ಅಳತೆಯಲ್ಲಿ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಬೆಕರ್, ಎರ್‌ಫೆಲ್ಡ್ ಮತ್ತು ಅವರ ಸಂಗಡಿಗರು 1980ರ ದಶಕದ ಆರಂಭದಲ್ಲಿ ಕಂಡುಕೊಂಡ ಉತ್ತರವೇ ಲೀಗಾ ತಂತ್ರ. ಎಕ್ಸ್ ಕಿರಣಗಳಿಂದ ಪ್ಲಾಸ್ಟಿಕ್‌ನಲ್ಲಿ ಆಳವಾದ ಸೂಕ್ಷ್ಮ ಆಕೃತಿ ಕೊರೆದು, ಅದರೊಳಗೆ ವಿದ್ಯುಲ್ಲೇಪನದಿಂದ ಲೋಹ ತುಂಬಿಸಿ, ಆ ಲೋಹವನ್ನೇ ಅಚ್ಚಾಗಿ ಬಳಸುವ ಕ್ರಮ ಅದು. ಸಂವರ್ಧನೆ ನಿಂತರೂ ಲೀಗಾ ನಿಲ್ಲಲಿಲ್ಲ. ಸೂಕ್ಷ್ಮ ಗಿಯರುಗಳು, ಪುಟ್ಟ ವರ್ಣಪಟಲಮಾಪಕಗಳು ಅದರಿಂದ ತಯಾರಾದವು. ನಮ್ಮ ಮೆಕ್ಯಾನಿಕಲ್ ಪಠ್ಯದಲ್ಲಿ ಅದರ ಮೇಲೆ ಒಂದು ಅಧ್ಯಾಯವಿದೆ, ಯುರೇನಿಯಂ ಎಂಬ ಮಾತು ಮಾತ್ರ ಅಲ್ಲಿ ಎಲ್ಲೂ ಇಲ್ಲ.

ದೇಶನೂರು ದಾರಿ:
ಅದನ್ನು ಹೇಳಿದ್ದಕ್ಕೆ ಕೃತಜ್ಞತೆಗಳು, ನನ್ನ ಮುಂದಿನ ಮಾತಿಗೆ ಅದೇ ಆಧಾರ. ಇಂದು ಸೂಕ್ಷ್ಮ ತಯಾರಿಕೆ ಆ ಕಾಲಕ್ಕಿಂತ ಬಹಳ ಅಗ್ಗವಾಗಿದೆ. ಜೊತೆಗೆ ವಿಜಯಪುರ, ಬಾಗಲಕೋಟೆಗಳ ಬಯಲಿನಲ್ಲಿ ಗಾಳಿಯಂತ್ರಗಳೂ ಸೌರಫಲಕಗಳೂ ಎದ್ದಿವೆ. ಬೇಡಿಕೆ ಇಲ್ಲದ ನಡುಹಗಲಿನ ವಿದ್ಯುತ್ತಿಗೆ ಮುಂದೆ ಬೆಲೆಯೇ ಇರದ ದಿನಗಳು ಬರಬಹುದು. ಆಗ 3,000 ಯೂನಿಟ್ ಎಂಬ ಅಂಕಿ ಹೆದರಿಸುವುದಿಲ್ಲ.

ಕೂಡಗಿ ಪಕ್ಕದವ:
ಅಗ್ಗದ ಹಗಲಿನ ಕರೆಂಟು ನೀರೆತ್ತುವ ಪಂಪಿಗೆ ಒಗ್ಗುತ್ತದೆ, ಏಕೆಂದರೆ ಪಂಪು ನಿಂತರೆ ಎತ್ತಿದ ನೀರು ತೊಟ್ಟಿಯಲ್ಲೇ ಇರುತ್ತದೆ. ಸಂವರ್ಧನೆಯ ಹಂತಗಳ ಸರಣಿ ಹಾಗಲ್ಲ. ತಳದಿಂದ ತುದಿಯವರೆಗೆ ಹಂತಹಂತಕ್ಕೂ ಬೇರೆ ಬೇರೆ ಸಾಂದ್ರತೆ ನೆಲೆಗೊಳ್ಳಬೇಕು, ಅದಕ್ಕೆ ಕಂಪ್ರೆಸರ್‌ಗಳು ಹಗಲೂ ರಾತ್ರಿ ನಿಲ್ಲದೆ ಓಡಬೇಕು. ಮೇಷ್ಟ್ರು ಹೇಳಿದ ವೈ-ಸ್ಥಾವರದ ಇಡೀ ಸರಣಿ 1977ರ ಮಾರ್ಚ್‌ನಲ್ಲೇ ಚಾಲೂ ಆಗಿದ್ದರೂ ತುದಿಯಿಂದ ಮೊದಲ ಸರಕು ತೆಗೆಯಲು ಮುಂದಿನ ಜನವರಿಯವರೆಗೆ ಕಾಯಬೇಕಾಯಿತು. ಸಮತೋಲಕ್ಕೆ ಬರಲು ಹಿಡಿದ ಕಾಲ ಅದು. ಸಂಜೆ ಸೂರ್ಯ ಇಳಿದಾಗ ಇಂಥ ಸರಣಿಯನ್ನು ಆರಿಸಿದರೆ ಬೆಳಿಗ್ಗೆ ಮತ್ತೆ ಮೊದಲಿನಿಂದ.

ರಾತ್ರಿಯ ಕರೆಂಟಿಗೆ ಬ್ಯಾಟರಿ ಇಡುತ್ತೇವೆ ಎಂದರೆ ಅದು ಬಿಟ್ಟಿ ಕರೆಂಟಲ್ಲ. ಮತ್ತು ಅದೇ ಬಿಟ್ಟಿ ಕರೆಂಟು ಸೆಂಟ್ರಿಫ್ಯೂಜ್ ಇಟ್ಟುಕೊಂಡವನಿಗೂ ಸಿಗುತ್ತದೆ.

ದೇಶನೂರು ದಾರಿ:
ಸರಣಿಯ ಸಮತೋಲದ ಮಾತು ತೂಕದ್ದು, ಅದಕ್ಕೆ ನನ್ನ ಬಳಿ ಸದ್ಯ ಎದುರುತ್ತರವಿಲ್ಲ. ಆದರೆ ಉದ್ಯಮಬಾಗದವರು ಹೇಳಿದ ಕಂಪ್ರೆಸರ್‌ನ ನಷ್ಟ ಪ್ರಕೃತಿನಿಯಮವೋ ಅಥವಾ 1970ರ ದಶಕದ ಯಂತ್ರಗಳ ಕೊರತೆಯೋ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಉದ್ಯಮಬಾಗ:
ಎರಡೂ ಸ್ವಲ್ಪ ಸ್ವಲ್ಪ. ಕಂಪ್ರೆಸರ್‌ನ ದಕ್ಷತೆಯನ್ನು ಇಂದು ಕೆಲವು ಶೇಕಡಾ ಏರಿಸಬಹುದು, ಅದರಿಂದ 3,000 ಎಂಬುದು ಒಂದಿಷ್ಟು ಇಳಿದೀತು. ಆದರೆ ಒತ್ತಡದಲ್ಲಿದ್ದ ಅನಿಲವನ್ನು ನಾಜಲ್‌ನಲ್ಲಿ ಹಿಗ್ಗಲು ಬಿಟ್ಟು, ಆ ಶಕ್ತಿಯನ್ನೆಲ್ಲ ಶಾಖವಾಗಿ ಕಳೆದುಕೊಂಡು, ಮುಂದಿನ ಹಂತಕ್ಕೆ ಮತ್ತೆ ಮೊದಲಿನಿಂದ ಒತ್ತುವುದು ವಿಧಾನದ ಮೂಲದಲ್ಲೇ ಇದೆ. ಸೆಂಟ್ರಿಫ್ಯೂಜ್‌ನಲ್ಲಿ ಒಮ್ಮೆ ವೇಗ ಪಡೆದ ರೋಟರ್ ನಿರ್ವಾತದಲ್ಲಿ ಬಹಳ ಕಡಿಮೆ ನಷ್ಟದಿಂದ ಸುತ್ತುತ್ತಿರುತ್ತದೆ, ಅನಿಲವೂ ಅದರ ಜೊತೆಗೇ ಸುತ್ತುತ್ತದೆ. 3,000ಕ್ಕೂ 50ಕ್ಕೂ ನಡುವಿನ ಅಂತರದ ಮುಖ್ಯ ಪಾಲು ಅಲ್ಲಿಯದು. ಬೆಳಗಾವಿಯ ಯಾವ ಲೇತ್ ಯಂತ್ರದಲ್ಲೂ ಅದನ್ನು ಕಡೆದು ತೆಗೆಯಲಾಗದು.